ಕಮಾಂಡರ್ ಜೀಪಿಗೆ ಐದನೇ ಗೇರು

ಹಳೆಯ ಡೀಸೆಲ್ ಜೀಪಿನ ನಾಲ್ಕು ಗೇರಿನ ಬಾಕ್ಸ್ ಇಳಿಸಿ ಐದು ಗೇರಿನದನ್ನು ಕೂರಿಸಿಕೊಡಿ ಎಂದು ಕೇಳಿಕೊಂಡು ಕೊಪ್ಪಳದ ನಮ್ಮ ಗ್ಯಾರೇಜಿಗೆ ಬರುವವರು ಈಗಲೂ ಇದ್ದಾರೆ. ಹೆಚ್ಚಿನವರು ಗಂಗಾವತಿ, ಕಾರಟಗಿ ಕಡೆಯ ಭತ್ತದ ರೈತರು. ತಂದೆಯ ಕಾಲದ ಗಾಡಿಯನ್ನು ಮಾರಲು ಅವರಿಗೆ ಮನಸ್ಸಿಲ್ಲ. ಆದರೆ ಹೊಸಪೇಟೆ–ಹುಬ್ಬಳ್ಳಿ ಹೆದ್ದಾರಿ ನಾಲ್ಕು ಪಥವಾದ ಮೇಲೆ, ಎಲ್ಲರೂ ಮುಂದೆ ಹೋಗುತ್ತಿರುವಾಗ ತಮ್ಮ ಗಾಡಿಯ ಇಂಜಿನ್ ಮಾತ್ರ ಕಿರುಚುತ್ತಿರುವುದನ್ನು ಕೇಳಲು ಅವರಿಂದ ಆಗುತ್ತಿಲ್ಲ. ಬೇಡಿಕೆ ನ್ಯಾಯವಾದದ್ದೇ. ನಾಲ್ಕನೇ ಗೇರಿನಲ್ಲಿ ಇಂಜಿನ್ ಒಂದು ಸುತ್ತು ಸುತ್ತಿದರೆ, ಬಾಕ್ಸಿನಿಂದ ಹಿಂದಿನ ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಕೂಡ ಒಂದೇ ಸುತ್ತು ಸುತ್ತುತ್ತದೆ. ಐದನೆಯದರ ಅನುಪಾತ, ಅಂದರೆ ಶಾಫ್ಟಿನ ಒಂದು ಸುತ್ತಿಗೆ ಇಂಜಿನ್ನಿನ ಸುತ್ತು, 0.8ರ ಆಸುಪಾಸಿನಲ್ಲಿದ್ದರೆ, ಮೊದಲು ನಿಮಿಷಕ್ಕೆ 3000 ಸುತ್ತಿನಲ್ಲಿ ಓಡುತ್ತಿದ್ದ ಇಂಜಿನ್ ಅದೇ ವೇಗಕ್ಕೆ 2400ಕ್ಕೆ ಇಳಿಯುತ್ತದೆ.

ತೊಂದರೆ ಇರುವುದು ಕೆಲಸ ಹಾಗೂ ದರ ಬರೆಯುವ ಜಾಬ್ ಕಾರ್ಡಿನಲ್ಲಿ. ಅದರಲ್ಲಿ ‘ಗೇರ್ ಬಾಕ್ಸ್ ಬದಲಾವಣೆ’ ಎಂದು ಒಂದೇ ಸಾಲು ಬರೆದು ಅದರ ಮುಂದೆ ಒಂದೇ ಮೊತ್ತ ಹಾಕುತ್ತಾರೆ. ಇಂಜಿನ್ನಿನ ತಿರುಗುವ ಶಾಫ್ಟಾದ ಕ್ರ್ಯಾಂಕಿನ ತುದಿಯಿಂದ ಹಿಂದಿನ ಚಕ್ರಗಳ ನಡುವಿನ ಡಿಫರೆನ್ಶಿಯಲ್‌ವರೆಗೆ ಇರುವ ಒಂದೊಂದು ಅಳತೆಯೂ ಈ ಕೆಲಸದಲ್ಲಿ ಬದಲಾಗುತ್ತದೆ ಎಂಬುದಕ್ಕೆ ಆ ಕಾರ್ಡಿನಲ್ಲಿ ಜಾಗವೇ ಇಲ್ಲ.

ಕಾರಟಗಿಯ ಮಹೀಂದ್ರಾ ಕಮಾಂಡರ್ ಜೀಪಿನ ಕೆಲಸದಲ್ಲಿ ಇದು ನಮ್ಮ ಕಣ್ಣಿಗೆ ಕಟ್ಟುವಂತೆ ಆಯಿತು. ಅದರಲ್ಲಿದ್ದದ್ದು ಎಕ್ಸ್‌ಡಿಪಿ 4.90 ಇಂಜಿನ್. ಫ್ರಾನ್ಸಿನ ಪೂಜೋ ಕಂಪನಿಯಿಂದ 1979ರಲ್ಲಿ ಪರವಾನಗಿ ಪಡೆದು ಮಹೀಂದ್ರಾದವರು ಇಲ್ಲಿ ತಯಾರಿಸಿದ್ದು ಇದನ್ನೇ. ನಾಲ್ಕು ಸಿಲಿಂಡರ್, 90 ಮಿ.ಮೀ. ಬೋರು (ಸಿಲಿಂಡರಿನ ಒಳ ಅಗಲ), 2112 ಸಿಸಿ. ಹೆಡ್ ಒಮ್ಮೆಯೂ ಬಿಚ್ಚಿರಲಿಲ್ಲ, ಬೆಳಗಿನ ಚಳಿಯಲ್ಲೂ ಒಂದೇ ಸೆಲ್ಫಿಗೆ ಹೊತ್ತಿಕೊಳ್ಳುತ್ತಿತ್ತು. ಅಂಥ ಇಂಜಿನ್ನಿಗೆ ನಮ್ಮ ಕೈಯಿಂದ ಪೆಟ್ಟು ಬೀಳಬಾರದು ಎಂಬುದೇ ನನಗಿದ್ದ ದೊಡ್ಡ ಚಿಂತೆ. ಐದು ಗೇರಿನ ಬಾಕ್ಸನ್ನು ನಮ್ಮ ಗ್ಯಾರೇಜಿನ ಮಾಲೀಕರು ಗುಜರಿಯಿಂದ ತರಿಸಿದ್ದರು. ಬಾಕ್ಸನ್ನು ಇಂಜಿನ್ನಿಗೆ ಕೂಡಿಸುವ ಗಂಟೆಯಾಕಾರದ ಕವಚ, ಅಂದರೆ ಬೆಲ್ ಹೌಸಿಂಗಿನ ಬೋಲ್ಟ್ ತೂತುಗಳು ಇಂಜಿನ್ನಿಗೆ ಸರಿಹೋದವು, ಬಾಕ್ಸಿನಿಂದ ಇಂಜಿನ್ ಕಡೆಗೆ ಚಾಚುವ ಇನ್‌ಪುಟ್ ಶಾಫ್ಟಿನ ಹಲ್ಲುಗಳಿಗೆ ಕ್ಲಚ್ ಪ್ಲೇಟ್ ಸಲೀಸಾಗಿ ಏರಿತು. ಇಷ್ಟು ಕೂಡಿದ ಮೇಲೆ ಉಳಿದದ್ದೂ ಕೂಡುತ್ತದೆ ಎಂದು ಎಲ್ಲರೂ ತಿಳಿದೆವು.

ಬಾಕ್ಸನ್ನು ಚೈನ್ ಬ್ಲಾಕಿಗೆ ತೂಗಿಸಿ, ಗುಂಡಿಯಲ್ಲಿ ನಾನು ಹಾಗೂ ಹೆಲ್ಪರ್ ಹುಡುಗ ನಿಂತು ಒಳಗೆ ತಳ್ಳಿದೆವು. ಹಲ್ಲು ಕೂಡಿತು, ಬಾಕ್ಸ್ ನುಣ್ಣಗೆ ಮುಂದೆ ಸರಿಯಿತು. ಆದರೆ ಇಂಜಿನ್ ಮತ್ತು ಬೆಲ್ ಹೌಸಿಂಗಿನ ನಡುವೆ ಬೆರಳಿನ ಉಗುರು ತೂರುವಷ್ಟು ಸಂದು ಉಳಿದುಕೊಂಡೇ ನಿಂತಿತು. ಹಿಂದಿನ ಫ್ಲ್ಯಾಂಜ್ ತಿರುಗಿಸಿ ನೋಡಿದೆ, ಬಾಕ್ಸನ್ನು ಎತ್ತಿ ಇಳಿಸಿ ನೋಡಿದೆ, ಸಂದು ಸುತ್ತಲೂ ಒಂದೇ ಸಮನಾಗಿತ್ತು. ಕ್ಲಚ್ ಪ್ಲೇಟ್ ನಡುವಿಗೆ ಬಾರದೆ ಇದ್ದರೆ ಸಂದು ಒಂದು ಬದಿಗೆ ಹೆಚ್ಚಾಗಿರುತ್ತದೆ, ಬಾಕ್ಸ್ ಅಲುಗಾಡಿಸಿದರೆ ಬದಲಾಗುತ್ತದೆ. ಇದು ಹಾಗಿರಲಿಲ್ಲ. ಮೇಲೆ ಗಿರಾಕಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಮಾಲೀಕರು ಗುಂಡಿಯೊಳಗೆ ಬಗ್ಗಿ, “ಮೇಸ್ತ್ರಿ, ಉದ್ದನ ಬೋಲ್ಟ್ ಹಾಕಿ ಎಳದು ಬಿಗೀರಿ, ತಾನೇ ಕುಂದರತೈತಿ” ಎಂದರು. ಹುಡುಗ ಆಗಲೇ ಬೋಲ್ಟ್ ಪೋಣಿಸಿ, ಪಾನಾ ಹಿಡಿದು ನನ್ನ ಮುಖ ನೋಡುತ್ತಿದ್ದ. ಚೈನಿನ ಮೇಲೆ ಬಾಕ್ಸಿನ ಪೂರ್ತಿ ಭಾರ. ಅದು ಜಾರಿದರೆ ಶಾಫ್ಟಿನ ಮೇಲೆ ತೂಗಿ ಕ್ಲಚ್ ಪ್ಲೇಟಿನ ಹಬ್ ಬಗ್ಗುತ್ತದೆ. ಬಾಕ್ಸನ್ನು ಬೋಲ್ಟಿನಿಂದ ಎಳೆದು ಕೂರಿಸುವ ರೂಢಿ ಎಲ್ಲ ಕಡೆಯೂ ಇದೆ. ಆದರೆ ಸಮನಾದ ಸಂದಿಗೆ ಅರ್ಥ ಒಂದೇ: ಒಳಗೆ ಏನೋ ತಳಕ್ಕೆ ತಾಗಿದೆ. ಬಿಚ್ಚೋಣ ಎಂದೆ. ಮೇಲಿನಿಂದ ಉತ್ತರ ಬರಲು ಹೊತ್ತು ಹಿಡಿಯಿತು. ಆ ಹೊತ್ತಿನಲ್ಲಿ ನಾನು ಹುಡುಗನ ಕೈಯಿಂದ ಪಾನಾ ತೆಗೆದುಕೊಂಡು ಕಟ್ಟೆಯ ಮೇಲಿಟ್ಟೆ.

ಹಿಂದಕ್ಕೆ ಎಳೆದ ಮೇಲೆ ಇನ್‌ಪುಟ್ ಶಾಫ್ಟಿನ ಮೂಗನ್ನು ಒರೆಸಿ ಬ್ಯಾಟರಿ ಬೆಳಕಿನಲ್ಲಿ ನೋಡಿದೆವು. ತುದಿಯಲ್ಲಿ ನಾಲ್ಕಾಣೆಯಷ್ಟಗಲ ಹೊಸದಾಗಿ ಉಜ್ಜಿದ ಹೊಳಪು. ಶಾಫ್ಟಿನ ತುದಿಗೆ ಆಧಾರವಾಗುವ ಪೈಲಟ್ ಬುಷ್ ಇರುವ ಕ್ರ್ಯಾಂಕಿನ ತೂತಿನ ತಳಕ್ಕೆ ಅದು ತಾಗುತ್ತಿತ್ತು. ಗುಜರಿಯವರು ಬಾಕ್ಸ್ ಒಂದು ಗಾಡಿಯದು, ಬೆಲ್ ಹೌಸಿಂಗ್ ಇನ್ನೊಂದರದು ಸೇರಿಸಿ ಕೊಟ್ಟಿದ್ದರು, ಹಾಗಾಗಿ ಶಾಫ್ಟ್ ಬೇಕಾದ್ದಕ್ಕಿಂತ ಮುಂದೆ ಚಾಚಿತ್ತು. ಬೋಲ್ಟ್ ಬಿಗಿದಿದ್ದರೆ ಒಂದೋ ಅಲ್ಯೂಮಿನಿಯಂ ಹೌಸಿಂಗಿನ ಕಿವಿ ಸೀಳುತ್ತಿತ್ತು, ಇಲ್ಲವೇ ಕ್ರ್ಯಾಂಕ್ ಸದಾ ಮುಂದಕ್ಕೆ ಒತ್ತಿಕೊಂಡು, ಅದು ಹಿಂದೆ ಮುಂದೆ ಸರಿಯದಂತೆ ತಡೆಯುವ ಥ್ರಸ್ಟ್ ವಾಷರ್‌ಗಳನ್ನು ಸವೆಸುತ್ತಿತ್ತು. ಎರಡನೆಯದು ಗ್ಯಾರೇಜಿನಲ್ಲಿ ಗೊತ್ತಾಗುವುದಿಲ್ಲ. ಗಾಡಿ ಮನೆ ಸೇರಿ ಕೆಲವು ತಿಂಗಳಾದ ಮೇಲೆ ಇಂಜಿನ್ ಬಿಚ್ಚಿದಾಗ ಗೊತ್ತಾಗುತ್ತದೆ.

ಅಳೆಯಬೇಕಾದದ್ದು ಎರಡೇ: ಹೌಸಿಂಗಿನ ಮುಖದಿಂದ ಶಾಫ್ಟಿನ ತುದಿ ಎಷ್ಟು ಮುಂದೆ ಬರುತ್ತದೆ, ಇಂಜಿನ್ನಿನ ಮುಖದಿಂದ ಪೈಲಟ್ ತೂತಿನ ತಳ ಎಷ್ಟು ಒಳಗಿದೆ. ಎರಡನೆಯದು ಹೆಚ್ಚಿರಲೇಬೇಕು. ಇದಕ್ಕೆ ಬೇಕಾದ ಡೆಪ್ತ್ ಗೇಜ್ ನಮ್ಮಲ್ಲಿರಲಿಲ್ಲ, ಎದುರಿನ ಲೇತ್ ಅಂಗಡಿಯಿಂದ ಕೇಳಿ ತಂದೆವು. ಶಾಫ್ಟಿನ ಮೂಗು ಗಟ್ಟಿ ಉಕ್ಕು, ಲೇತಿನ ಟೂಲಿಗೆ ಬಗ್ಗುವುದಿಲ್ಲ. ಗ್ರೈಂಡರಿನಲ್ಲಿ ನೀರು ಹಾಕುತ್ತಾ, ಬಿಸಿಯೇರಿ ಬಣ್ಣ ತಿರುಗದಂತೆ ಸಾವಕಾಶವಾಗಿ ತುದಿ ಸವೆಸಿದರು. ಮೂಗಿನ ದಪ್ಪಕ್ಕೆ ತಕ್ಕಂತೆ ಹೊಸ ಗನ್ ಮೆಟಲ್ ಬುಷ್ ಕೂಡ ಅಲ್ಲೇ ತಯಾರಾಯಿತು. ಎರಡನೆಯ ಸಲ ಬಾಕ್ಸ್ ಕೈಯಿಂದಲೇ ಕುಳಿತುಕೊಂಡಿತು.

ಪ್ರೊಪೆಲ್ಲರ್ ಶಾಫ್ಟಿನದು ಬೇರೆಯೇ ಕಥೆ. ಹೊಸ ಬಾಕ್ಸ್ ಉದ್ದ, ಆದ್ದರಿಂದ ಶಾಫ್ಟ್ ಕತ್ತರಿಸಿ ವೆಲ್ಡ್ ಮಾಡಿಸಿದ್ದೆವು. ಟ್ರಯಲ್‌ಗೆ ಗಿಣಿಗೇರಿ ದಾಟಿ ಮುನಿರಾಬಾದ್ ಕಡೆಗೆ ಹೊರಟಾಗ ಅರವತ್ತರ ವೇಗ ಮುಟ್ಟಿದ್ದೇ ತಡ, ಗೇರ್ ಲಿವರ್ ಕೈಯಲ್ಲಿ ನಡುಗತೊಡಗಿತು. ಗುಜರಿ ಬಾಕ್ಸಿನ ಬೇರಿಂಗ್ ಎಂದು ನಾನು ತೀರ್ಮಾನಿಸಿದೆ. ಗೇರು ನ್ಯೂಟ್ರಲ್ ಮಾಡಿ, ಇಂಜಿನ್ ಐಡ್ಲಿನಲ್ಲಿ ಬಿಟ್ಟರೂ ಅದೇ ವೇಗದಲ್ಲಿ ನಡುಕ ಇದ್ದದ್ದನ್ನು ಗಮನಿಸಿದವನು ಪಕ್ಕದಲ್ಲಿದ್ದ ಹುಡುಗ. ಅಂದರೆ ನಡುಕ ಬರುತ್ತಿದ್ದದ್ದು ಚಕ್ರದ ಜತೆಗೇ ತಿರುಗುವ ಭಾಗದಿಂದ. ಮರಳಿ ಬಂದು ಕೆಳಗೆ ನೋಡಿದರೆ ಪ್ರೊಪೆಲ್ಲರ್ ಶಾಫ್ಟಿನ ಎರಡೂ ತುದಿಯ ಕವಲಿನಂಥ ಯೋಕ್‌ಗಳ ಕಿವಿ ಒಂದೇ ನೇರದಲ್ಲಿರಲಿಲ್ಲ. ಅದನ್ನು ಸರಿಪಡಿಸಿ, ಹುಬ್ಬಳ್ಳಿಯಲ್ಲಿ ಬ್ಯಾಲೆನ್ಸ್ ಮಾಡಿಸಿ ತಂದ ಮೇಲೆ ನಡುಕ ನಿಂತಿತು. ಯೋಕ್ ಕಿವಿಗಳನ್ನು ವೆಲ್ಡಿಂಗ್‌ಗೆ ಮುಂಚೆ ಸೀಮೆಸುಣ್ಣದ ಗೆರೆ ಎಳೆದು ಕೂಡಿಸುವುದಕ್ಕೆ ಯಾವ ಮೆಷಿನ್ನೂ ಬೇಡ.

ಎಣ್ಣೆಯ ವಿಷಯದಲ್ಲೂ ಹಟ ಹಿಡಿಯುತ್ತೇನೆ. ಬಿಸಿಲೂರು ಎಂದು ಡಿಫರೆನ್ಶಿಯಲ್‌ಗೆ ಹಾಕುವ ಜಿಎಲ್-5 ದರ್ಜೆಯ ದಪ್ಪ ಎಣ್ಣೆಯನ್ನೇ ಬಾಕ್ಸಿಗೂ ಸುರಿಯುವವರಿದ್ದಾರೆ. ಅದರಲ್ಲಿರುವ ಗಂಧಕದ ಅಂಶ ಗೇರು ಸಲೀಸಾಗಿ ಕೂಡಲು ನೆರವಾಗುವ ಹಿತ್ತಾಳೆಯ ಸಿಂಕ್ರೋ ರಿಂಗುಗಳಿಗೆ ಒಳ್ಳೆಯದಲ್ಲ. ಈ ಬಾಕ್ಸಿಗೆ ಜಿಎಲ್-4 ಸಾಕು. ಗಿರಾಕಿಗೆ ಇನ್ನೊಂದು ಮಾತನ್ನೂ ಹೇಳಿ ಕಳಿಸಿದೆ: ಹಿಂದೆ ಭತ್ತದ ಚೀಲ ತುಂಬಿದಾಗ, ಅಥವಾ ಏರಿನಲ್ಲಿ, ಐದನೆಯದಕ್ಕೆ ಹೋಗಬೇಡಿ, ಈ ಇಂಜಿನ್ನಿಗೆ ಟರ್ಬೊ ಇಲ್ಲ, ಕಡಿಮೆ ಸುತ್ತಿನಲ್ಲಿ ಅದನ್ನು ದುಡಿಸಿದರೆ ಡೀಸೆಲ್ ಉಳಿಯುವುದಿಲ್ಲ, ಹೊಗೆ ಹೆಚ್ಚುತ್ತದೆ.

ಗ್ರೈಂಡಿಂಗ್, ಬುಷ್, ಬ್ಯಾಲೆನ್ಸಿಂಗ್ ಇವುಗಳ ಖರ್ಚು ಒಪ್ಪಿಕೊಂಡ ಮೊತ್ತದ ಮೇಲೆ ಬಂದದ್ದಕ್ಕೆ ಗಿರಾಕಿ ಸಿಟ್ಟಾದರು. ಅವರ ಸಿಟ್ಟು ಸರಿಯಾಗಿತ್ತು, ಏಕೆಂದರೆ ನಾವು ಯಾವುದನ್ನೂ ಮೊದಲೇ ಹೇಳಿರಲಿಲ್ಲ. ಅಂದಿನಿಂದ ಇಂಥ ಕೆಲಸ ಬಂದರೆ ಎರಡೂ ಬಾಕ್ಸುಗಳನ್ನು ನೆಲದ ಮೇಲೆ ಅಕ್ಕಪಕ್ಕ ಇಟ್ಟು ಅಳೆದ ಮೇಲೆಯೇ ದರ ಹೇಳಬೇಕೆಂದು ಮಾಲೀಕರಿಗೆ ಹೇಳುತ್ತಿದ್ದೇನೆ, ಲೇತ್ ಕೆಲಸಕ್ಕೆ ಕಾರ್ಡಿನಲ್ಲಿ ಬೇರೆ ಸಾಲು ಬರೆಸುತ್ತಿದ್ದೇನೆ. ಸಾಲಿಗೆ ಅವರು ಒಪ್ಪಿದ್ದಾರೆ. ಡೆಪ್ತ್ ಗೇಜನ್ನು ಮಾತ್ರ ನಾವು ಇನ್ನೂ ಎದುರಿನ ಅಂಗಡಿಯಿಂದಲೇ ತರುತ್ತಿದ್ದೇವೆ.