ಆಣೆ ಬೇಡ, ಚೀಟಿ ಸಾಕು

12 ನವೆಂಬರ್ 2025, ಬುಧವಾರ

ಬೆಳಗ್ಗೆ ಅಮ್ಮ ದೇವರ ಗೂಡಿನ ಮುಂದೆ ನಿಲ್ಲಿಸಿ, "ಇನ್ನು ಹೆಂಡ ಮುಟ್ಟಲ್ಲ ಅಂತ ಮಂಜುನಾಥನ ಮೇಲೆ ಆಣೆ ಮಾಡು" ಅಂದಳು. ಅದೊಂದು ಬಿಟ್ಟು ಬೇರೆ ಏನಾದರೂ ಕೇಳು ಅಂದೆ. ಮುಖ ದಪ್ಪ ಮಾಡಿಕೊಂಡು ಅಡುಗೆಮನೆಗೆ ಹೋದಳು.

ನಮ್ಮ ಕಡೆ ಧರ್ಮಸ್ಥಳದ ಆಣೆ ಹುಡುಗಾಟವಲ್ಲ. ಅದರ ಹೆದರಿಕೆಗೇ ಕುಡಿತ ಬಿಟ್ಟವರಿದ್ದಾರೆ. ಮುರಿದವರನ್ನೂ ಕಂಡಿದ್ದೇನೆ. ಮದುವೆಮನೆಯಲ್ಲಿ ಒಂದು ಗುಟುಕು ಒಳಗೆ ಹೋಯಿತೋ, "ಹೇಗೂ ಆಣೆ ಮುರೀತಲ್ಲ" ಅಂತ ವಾರಗಟ್ಟಲೆ ಏಳುವುದೇ ಇಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ 1980ರ ದಶಕದಲ್ಲೇ ಇದನ್ನು ಗುರುತಿಸಿದ್ದರಂತೆ: ಮೊದಲ ಗ್ಲಾಸಿಗಿಂತ, ಅದಾದ ಮೇಲಿನ "ನನ್ನ ಕೈಲಾಗಲ್ಲ" ಅನ್ನುವ ನಾಚಿಕೆಯೇ ಮನುಷ್ಯನನ್ನು ಕೆಡವುವುದು.

ನನ್ನ ಭಯದ ಬುಡವೂ ಅಲ್ಲೇ. ಬಿಟ್ಟೆ ಅಂತ ಎಲ್ಲರಿಗೂ ಹೇಳಿ, ಆಮೇಲೆ ವೈನ್ ಶಾಪ್ ಮುಂದೆ ಕಂಡರೆ? ನಾಯಿ ಬಾಲ ಡೊಂಕು ಅನ್ನದೆ ಬಿಡುತ್ತಾರಾ? ಅದಕ್ಕೇ ಗುಟ್ಟಾಗಿ, ಒಬ್ಬನೇ ಬಿಡೋಣ ಅನ್ನಿಸುವುದು. ಡಾಕ್ಟರು ಮಾತ್ರ ಖಡಾಖಂಡಿತ ಬೇಡ ಅಂದರು. ದಿನಾ ಕುಡಿಯುವವನು ಒಮ್ಮೆಗೇ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈ ನಡುಗಲು ಶುರು, ಎರಡು ದಿನದೊಳಗೆ ಫಿಟ್ಸ್ ಬರಬಹುದು, ಎರಡು-ಮೂರನೇ ದಿನಕ್ಕೆ ಇಲ್ಲದ್ದೆಲ್ಲ ಕಣ್ಣಿಗೆ ಕಾಣಬಹುದು. ಆ ನಡುಕ ತಡೆಯಲಾರದೆ ಮತ್ತೆ ಕುಡಿದವನಿಗೆ ಮನಸ್ಸು ಗಟ್ಟಿಯಿಲ್ಲ ಅಂತ ಬೈದು ಏನು ಪ್ರಯೋಜನ, ಅದಕ್ಕೆ ಬೇಕಿರುವುದು ಮಾತ್ರೆ ಮತ್ತು ವಿಟಮಿನ್ ಬಿ1 ಇಂಜೆಕ್ಷನ್ ಅಂದರು. ಇದನ್ನು ಯಾರಾದರೂ ಮೊದಲೇ ಹೇಳಬಾರದಿತ್ತಾ!

ಆಮೇಲೆ ಒಂದು ಹಾಳೆ ಕೊಟ್ಟು, "ಜಾರಿದರೆ ಏನು ಮಾಡ್ತೀರಿ, ಬರೀರಿ" ಅಂದರು. ಬಿಡುವ ಮೊದಲೇ ಬೀಳುವ ಲೆಕ್ಕ ಯಾಕೆ ಅಂತ ವಿಚಿತ್ರ ಅನ್ನಿಸಿತು. ಬರೆಯುತ್ತಾ ಹೋದಂತೆ ಎದೆ ಹಗುರಾಯಿತು. ಚೀಟಿಯಲ್ಲಿ ಬರೆದದ್ದು ಇಷ್ಟು: ಬಾಟಲಿಯಲ್ಲಿ ಉಳಿದದ್ದನ್ನು ಸಿಂಕಿಗೆ ಸುರಿಯುವುದು. ಎಷ್ಟು ಹೊತ್ತಾಗಿದ್ದರೂ ಭಾವನಿಗೆ ಫೋನ್. ಅವರು ಎತ್ತದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416. ಮಾರನೇ ದಿನವೇ ಆಸ್ಪತ್ರೆ, ಸುಳ್ಳು ಹೇಳದೆ.

ಭಾವನಿಗೆ ಹೇಳುವುದೇ ಕಷ್ಟವಾಗಿತ್ತು. ಮಧ್ಯಾಹ್ನ ಹೇಳಿಬಿಟ್ಟೆ. "ನಡುರಾತ್ರಿ ಆದ್ರೂ ಮಾಡು ಮಾರಾಯ, ಆದರೆ ನಿಮ್ಮಕ್ಕನ ಫೋನಿಗೆ ಮಾಡು, ನಂದು ಸೈಲೆಂಟಲ್ಲಿರುತ್ತೆ" ಅಂದರು.

ಭಾನುವಾರ ಗೆಳೆಯನ ಮನೆ ಗೃಹಪ್ರವೇಶ. ಊಟ ಮುಗಿಸಿ ಹೊರಟುಬಿಡುವುದು. ಸಂಜೆಗೆ ಯಾಕೆ ನಿಲ್ಲಲ್ಲ ಅಂತ ಕೇಳಿದರೆ, ಕುಡಿತ ಬಿಡೋಕೆ ಮಾತ್ರೆ ತಗೋತಿದ್ದೀನಿ ಅಂತಲೇ ಹೇಳುತ್ತೇನೆ.