ಕೃಷ್ಣೆ ಹುಟ್ಟುವ ಊರಿನಲ್ಲಿ ಮೂರು ದಿನ

ಅಕ್ಟೋಬರ್ 18, 2024, ಶುಕ್ರವಾರ
ಪಂಚಗಣಿ

ಕಂಬಳಿಯೊಳಗೆ ಕಾಲು ಚಾಚಿಕೊಂಡು ಬರೆಯುತ್ತಿದ್ದೇನೆ. ನಿನ್ನೆ ರಾತ್ರಿ ಪುಣೆಯಲ್ಲಿ ಫ್ಯಾನ್ ಹಾಕಿಕೊಂಡೇ ಮಲಗಿದ್ದೆ. ಇಲ್ಲಿ ಸಂಜೆ ಏಳಕ್ಕೇ ಸ್ವೆಟರ್ ಬೇಕಾಯಿತು. ಗೋವಾ ರೇಸಿಗೆ ಇನ್ನು ಒಂಬತ್ತೇ ದಿನ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಇದು ಐರನ್‌ಮ್ಯಾನ್ 70.3. ಪಣಜಿಯ ಮಿರಾಮಾರ್ ಬೀಚಿನಲ್ಲಿ 1.9 ಕಿ.ಮೀ. ಸಮುದ್ರದ ಈಜು, ದಡಕ್ಕೆ ಬಂದು 90 ಕಿ.ಮೀ. ಸೈಕಲ್, ಅದಾದ ಮೇಲೆ 21.1 ಕಿ.ಮೀ. ಓಟ. ಮೂರೂ ಸೇರಿದರೆ 113 ಕಿ.ಮೀ., ಮೈಲಿ ಲೆಕ್ಕದಲ್ಲಿ 70.3. ಎಂಟೂವರೆ ಗಂಟೆಯೊಳಗೆ ಮುಗಿಸಬೇಕು.

ಕಳೆದ ವರ್ಷ ನಾನು ಮುಗಿಸಲಿಲ್ಲ. ಓಟದ 13ನೇ ಕಿಲೋಮೀಟರಿಗೆ ಎರಡೂ ಮೀನಖಂಡ ಹಿಡಿದುಕೊಂಡವು. ರಸ್ತೆ ಬದಿಗೆ ಕುಳಿತವಳು ಮತ್ತೆ ಏಳಲಿಲ್ಲ. ತಪ್ಪು ಮಾಡಿದ್ದು ಅದಕ್ಕೂ ಒಂದು ವಾರ ಮೊದಲು. ಭಯಕ್ಕೆ ಕೊನೆಯ ಭಾನುವಾರ 110 ಕಿ.ಮೀ. ಸೈಕಲ್ ಹೊಡೆದು, ಇಳಿದವಳೇ 18 ಕಿ.ಮೀ. ಓಡಿದ್ದೆ. ಗೋವಾಕ್ಕೆ ಹೋದಾಗಲೂ ಕಾಲು ಭಾರವಾಗಿಯೇ ಇದ್ದವು. ಆ ಸಂಜೆ ಮಿರಾಮಾರಿನಲ್ಲಿ ಎಷ್ಟು ಅತ್ತೆ ಅಂತ ನನಗೇ ಗೊತ್ತು.

ಅದಕ್ಕೇ ಈ ಸಲ ಕಾಕಾ ಮೊದಲೇ ಮಾತು ತೆಗೆದುಕೊಂಡಿದ್ದಾರೆ: "ಕೊನೀ ಹತ್ತು ದಿನ ನಾ ಹೇಳಿದಂಗ ಕೇಳಬೇಕು ತಂಗಿ." ಕಾಕಾ ಧಾರವಾಡದವರು, ವಯಸ್ಸು 56, ಗೋವಾ ಎರಡು ಸಲ ಮುಗಿಸಿದವರು. ಪುಣೆಗೆ ಬಂದ ಹೊಸದರಲ್ಲಿ ಸಿಂಹಗಡದ ಏರಿನಲ್ಲಿ ನಾನು ಸೈಕಲ್ ತಳ್ಳಿಕೊಂಡು ಹೋಗುವಾಗ, ಫೋನಿನಲ್ಲಿ ಅವ್ವನ ಜೊತೆ ಆಡಿದ ಮಾತು ಕೇಳಿ "ಯಾವೂರವ್ವಾ?" ಅಂತ ನಿಲ್ಲಿಸಿದವರು. ಈಗ ಅವರ ಹೆಂಡತಿ, ನಮ್ಮ ಕಾಕೂ, ಕಾರಿನಲ್ಲಿ ನೀರು, ಬಾಳೆಹಣ್ಣು ಇಟ್ಟುಕೊಂಡು ನಮ್ಮ ಹಿಂದೆ ಬರುತ್ತಾರೆ.

ಇವತ್ತು ವಾಯಿಯಿಂದ ಪಸರಣಿ ಘಾಟ್ ಹತ್ತಿದೆವು. ಹನ್ನೆರಡು ಕಿಲೋಮೀಟರಿನ ಆಸುಪಾಸು, ಒಂದೇ ಸಮನೆ ಏರು. ಕಡಿದಾದ ಘಾಟ್ ಏನಲ್ಲ, ಆದರೆ ಎಲ್ಲೂ ಬಿಡುವು ಕೊಡುವುದಿಲ್ಲ. ಕಾಕಾ ಹಾಕಿದ ಷರತ್ತು ಒಂದೇ: ಹತ್ತುವಾಗ ಮಾತಾಡಲು ಬರಬೇಕು. ಉಸಿರು ಕಟ್ಟಿ ಮಾತು ತುಂಡಾದರೆ ಗೇರ್ ಇಳಿಸಬೇಕು. ಎರಡನೇ ತಿರುವಿನಲ್ಲಿ ಒಬ್ಬ ಹುಡುಗ ಸೀಟಿನಿಂದ ಎದ್ದು ತುಳಿಯುತ್ತಾ ನನ್ನನ್ನು ದಾಟಿ ಹೋದ. ನನ್ನ ಕೈ ತಾನಾಗೇ ಗೇರಿನ ಕಡೆ ಹೋಯಿತು. ಹಿಂದಿನಿಂದ ಕಾಕಾ, "ಹೋಗ್ಲಿ ಬಿಡು. ಊರಿನ ಸುದ್ದಿ ಹೇಳು" ಅಂದರು. ನಾನು ಊರ ಜಾತ್ರೆ, ಅಕ್ಕನ ಮಗನ ಕಾಲೇಜು, ಕಬ್ಬಿನ ಬಿಲ್ಲು ಅಂತ ಹೇಳುತ್ತಾ ಹೋದೆ. ಬೆವರಿನ ಹನಿ ಮೂಗಿನ ತುದಿಯಿಂದ ವಾಚಿನ ಗಾಜಿನ ಮೇಲೆ ಬಿದ್ದು ಅಂಕಿ ಮಸುಕಾಗುತ್ತಿತ್ತು. ಒರೆಸಿ ನೋಡಿದರೆ ಎದೆಬಡಿತ 138. ಕೆಳಗೆ ಮಂಜು ಸರಿದಾಗ ಧೋಮ್ ಜಲಾಶಯ ಒಂದು ಕ್ಷಣ ಕಂಡಿತು, ಮತ್ತೆ ಮುಚ್ಚಿತು. ಮೇಲೆ ಬಂದಾಗ ನನಗೆ ಇನ್ನೊಂದು ಸಲ ಹತ್ತುವಷ್ಟು ಶಕ್ತಿ ಇತ್ತು. ಹತ್ತಲಿಲ್ಲ.

ಬೆಟ್ಟಕ್ಕೆ ಹೋದರೆ ರಕ್ತ ಜಾಸ್ತಿ ಆಗುತ್ತಂತೆ, ಅದಕ್ಕೆ ಹೋಗ್ತೀರಾ ಅಂತ ಆಫೀಸಿನಲ್ಲಿ ಕೇಳುತ್ತಾರೆ. ಪಂಚಗಣಿ ಇರುವುದು ಸುಮಾರು 1,300 ಮೀಟರ್ ಎತ್ತರದಲ್ಲಿ. ಕೆಂಪು ರಕ್ತಕಣ ಹೆಚ್ಚಬೇಕಾದರೆ 2,000 ಮೀಟರಿಗೂ ಮೇಲೆ ಕೆಲವು ವಾರ ಇರಬೇಕು. ನಾವು ಬಂದದ್ದು ಏರಿಗೆ, ನಿದ್ದೆಗೆ. ಇನ್ನೂ ನಾಲ್ಕು ದಿನ ಇದ್ದರೆ ನಷ್ಟವೇ. ಗೋವಾದ ಸೆಕೆಗೆ ಮೈ ಒಗ್ಗಲು ವಾರ, ಹತ್ತು ದಿನ ಬೇಕು, ತಂಪಿನಲ್ಲಿ ಕುಳಿತರೆ ಆ ಒಗ್ಗಿದ್ದು ಬೇಗ ಇಳಿದುಹೋಗುತ್ತದೆ. ಅದಕ್ಕೆ ಭಾನುವಾರ ವಾಪಸ್. ಮುಂದಿನ ವಾರದ ಸಣ್ಣ ಓಟಗಳೆಲ್ಲ ಮಧ್ಯಾಹ್ನದ ಬಿಸಿಲಿನಲ್ಲೇ.

ಅಕ್ಟೋಬರ್ 19, ಶನಿವಾರ

ಬೆಳಿಗ್ಗೆ ಪಂಚಗಣಿಯ ಮೇಲಿನ ಬಯಲು ಗುಡ್ಡ ಟೇಬಲ್ ಲ್ಯಾಂಡಿನ ಮೇಲೆ ನಲವತ್ತು ನಿಮಿಷ ಓಟ. ಕೊನೆಗೆ ನಾಲ್ಕು ಸಲ ಒಂದೊಂದು ನಿಮಿಷ ಜೋರು. ರೇಸಿಗೆ ಮೊದಲು ಅಭ್ಯಾಸ ಇಳಿಸುವುದಕ್ಕೆ ಟೇಪರ್ ಅನ್ನುತ್ತಾರೆ. ಹಾಗಂತ ಸುಮ್ನೆ ಮಲಗುವುದಲ್ಲ. ಮಾಡುವ ಹೊತ್ತನ್ನು ಅರ್ಧಕ್ಕೆ ಇಳಿಸಬೇಕು, ವೇಗ ಮರೆಯಬಾರದು. ಇವತ್ತಿನ ಓಟ ಅಷ್ಟೇ.

ಆಮೇಲೆ ಕಾಕೂ ಹಟ ಮಾಡಿ ಕ್ಷೇತ್ರ ಮಹಾಬಳೇಶ್ವರಕ್ಕೆ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಸ್ಟ್ರಾಬೆರಿ ಮಡಿಗಳು. ಸಸಿ ಈಗಷ್ಟೇ ನೆಟ್ಟಿದ್ದಾರೆ, ಹಣ್ಣಿಗೆ ಇನ್ನೂ ಕಾಲ ಇದೆ.

ಪಂಚಗಂಗಾ ಗುಡಿಯೊಳಗೆ ಹೋದವಳು ಅಲ್ಲೇ ನಿಂತುಬಿಟ್ಟೆ. ಕೃಷ್ಣಾ, ವೆಣ್ಣಾ, ಕೊಯ್ನಾ, ಸಾವಿತ್ರಿ, ಗಾಯತ್ರಿ ಐದೂ ಇಲ್ಲೇ ಹುಟ್ಟುತ್ತವೆ ಅಂತ ನಂಬಿಕೆ. ಕಲ್ಲಿನ ಗೋಮುಖದಿಂದ ನೀರು ಬೀಳುತ್ತದೆ. ಬೊಗಸೆ ಒಡ್ಡಿದೆ. ಎರಡು ಕೈಯಲ್ಲಿ ಹಿಡಿಯುವಷ್ಟೇ ಧಾರೆ. ತಣ್ಣಗಿತ್ತು, ಕಲ್ಲಿನ ವಾಸನೆ ಇತ್ತು.

ನಮ್ಮದು ಜಮಖಂಡಿ ತಾಲ್ಲೂಕಿನ ಹೊಳೆದಂಡೆಯ ಊರು. ಮಳೆಗಾಲದಲ್ಲಿ ನಮ್ಮಲ್ಲಿ ಒಂದು ಹನಿ ಬೀಳದಿದ್ದರೂ ಕಟ್ಟೆಯ ಮೇಲೆ ಕುಳಿತವರು "ಮಹಾಬಳೇಶ್ವರದಾಗ ಮಳಿ ಹಿಡದೈತೆಂತ, ಕೊಯ್ನಾದಿಂದ ನೀರ್ ಬಿಟ್ಟಾರಂತ" ಅಂತ ಮಾತಾಡುತ್ತಿದ್ದರು. ಅಷ್ಟು ಕೇಳಿದರೆ ಸಾಕು, ಅವ್ವ ದಂಡೆಯ ಮೇಲಿನ ಮೇವು ಮನೆಗೆ ತರಿಸುತ್ತಿದ್ದಳು. ಚಿಕ್ಕವಳಿದ್ದಾಗ ಮಹಾಬಳೇಶ್ವರ ಅಂದರೆ ನನಗೆ ಊರಲ್ಲ, ಮಳೆಯ ಇನ್ನೊಂದು ಹೆಸರು.

ಈಜು ಕಲಿತದ್ದೂ ಅದೇ ನೀರಿನಲ್ಲಿ. ಚಿಕ್ಕಪಡಸಲಗಿಯಲ್ಲಿ ರೈತರು ತಾವೇ ದುಡ್ಡು ಕೂಡಿಸಿ, ತಾವೇ ಬೆವರು ಸುರಿಸಿ 1989ರಲ್ಲಿ ಕಟ್ಟಿದ ಬ್ಯಾರೇಜ್ ಇದೆಯಲ್ಲ, ಅದರ ಹಿನ್ನೀರು. ಹೊಳೆದಂಡೆಯಲ್ಲಿ ಹುಟ್ಟಿದ ಮೇಲೆ ಹೆಣ್ಣೇನು ಗಂಡೇನು, ಈಜು ಬರಬೇಕು ಅಂತ ಅಪ್ಪ ನನ್ನ ಸೊಂಟಕ್ಕೆ ಒಣಗಿದ ಸೋರೆ ಬುರುಡೆ ಕಟ್ಟಿ ನೀರಿಗೆ ಬಿಟ್ಟಿದ್ದ. ಬುರುಡೆಯೊಳಗಿನ ಬೀಜ ಗಲಗಲ ಅನ್ನುತ್ತಿದ್ದವು. ಅಪ್ಪ ಈಗಿಲ್ಲ. ಗೋಮುಖದ ಮುಂದೆ ನಿಂತಾಗ ಆ ಸದ್ದೇ ಕಿವಿಗೆ ಬಂತು.

ಕಾಕೂ ಏನೂ ಕೇಳಲಿಲ್ಲ. ಸೆರಗಿನಿಂದ ನನ್ನ ಕೈ ಒರೆಸಿದರು.

ಅಕ್ಟೋಬರ್ 20, ಭಾನುವಾರ ರಾತ್ರಿ
ಪುಣೆ

ಬೆಳಿಗ್ಗೆ ಘಾಟ್ ಇಳಿದು ಧೋಮ್ ಹಿನ್ನೀರಿಗೆ ಹೋದೆವು. ಕೃಷ್ಣೆಗೆ ಕಟ್ಟಿದ ಅಣೆಕಟ್ಟು ಇದು. ಅಲ್ಲಿನ ಮೀನುಗಾರರೊಬ್ಬರು ದೋಣಿ ಹಾಕಿಕೊಂಡು ನಮ್ಮ ಪಕ್ಕದಲ್ಲೇ ಬಂದರು. ಅವರಿಲ್ಲದೆ ನೀರಿಗೆ ಇಳಿಯುವುದಿಲ್ಲ ಅಂತ ಕಾಕಾ ಮೊದಲೇ ಹೇಳಿದ್ದರು, ಅದು ಸರಿ ಕೂಡ. ನೀರಲ್ಲಿ ಜೊತೆಗೇ ತೇಲಿ ಬರುವ ಕಿತ್ತಳೆ ಬಣ್ಣದ ಬುರುಡೆಗೆ (ಸ್ವಿಮ್ ಬಾಯ್) ಗಾಳಿ ತುಂಬಿ ಪಟ್ಟಿಯನ್ನು ಸೊಂಟಕ್ಕೆ ಬಿಗಿದುಕೊಂಡೆ. ಬಿಗಿಯುವಾಗ ಬೆರಳು ಸ್ವಲ್ಪ ಹೊತ್ತು ಅಲ್ಲೇ ನಿಂತವು.

ಇವತ್ತಿನ ಕೆಲಸ 1,000 ಮೀಟರ್, ಅದೂ ನೇರ ಈಜುವುದು. ಕೊಳದಲ್ಲಿ ತಳದ ಕರಿ ಗೆರೆ ನೋಡಿಕೊಂಡು ಹೋಗುತ್ತೇವೆ. ಇಲ್ಲಿ ಗೆರೆ ಎಲ್ಲಿದೆ? ಎಂಟು ಹತ್ತು ಕೈ ಹಾಕಿದ ಮೇಲೊಮ್ಮೆ ಕಣ್ಣು ಮಾತ್ರ ನೀರಿನ ಮೇಲೆ ತಂದು ಗುರಿ ನೋಡಬೇಕು, ಹಾಗೇ ಪಕ್ಕಕ್ಕೆ ತಿರುಗಿ ಉಸಿರು ತೆಗೆದುಕೊಳ್ಳಬೇಕು. ತಲೆ ಪೂರ್ತಿ ಎತ್ತಿದರೆ ಸೊಂಟ ಮುಳುಗುತ್ತದೆ. ಎದುರು ದಡದಲ್ಲಿ ಯಾರೋ ಕೆಂಪು ಸೀರೆ ಒಣಹಾಕಿದ್ದರು. ಅದನ್ನೇ ಗುರಿ ಮಾಡಿಕೊಂಡೆ. ಹೋದ ವರ್ಷ ಸಮುದ್ರದಲ್ಲಿ ದಿಕ್ಕು ತಪ್ಪಿ ಎಷ್ಟೋ ಜಾಸ್ತಿ ಈಜಿದ್ದೆ. ಇವತ್ತು ಸೀರೆ ಎದುರಿಗೇ ದಡ ಮುಟ್ಟಿದೆ. ಇನ್ನೊಂದು ಸುತ್ತು ಹೋಗಲಾ ಅಂತ ಕಾಕಾರ ಮುಖ ನೋಡಿದೆ. "ಬ್ಯಾಡ. ಹಸಿವು ಇರೂವಾಗನ ಎಲಿ ಬಿಟ್ಟು ಏಳು" ಅಂದರು. ಎದ್ದೆ.

ಕಾತ್ರಜ್ ದಾಟಿ ಮನೆ ಸೇರಿದಾಗ ಮಧ್ಯಾಹ್ನ ಮೂರು. ಚೈನ್ ಒರೆಸಿ ಎಣ್ಣೆ ಬಿಟ್ಟೆ, ಎರಡು ಹೊಸ ಟ್ಯೂಬ್ ಚೀಲಕ್ಕೆ ಹಾಕಿದೆ. ಊಟ ಗುರುವಾರದವರೆಗೆ ಎಂದಿನಂತೆ. ಶುಕ್ರವಾರದಿಂದ ಜೋಳದ ರೊಟ್ಟಿ, ಕಾಳುಪಲ್ಯ ಇಲ್ಲ, ನಾರು ಜಾಸ್ತಿ, ಓಡುವಾಗ ಹೊಟ್ಟೆ ಕೆಡುತ್ತದೆ. ಅನ್ನ, ಮೊಸರು, ಬಾಳೆಹಣ್ಣು. ರೊಟ್ಟಿ ಬಿಡುವುದು ನನಗೆ ನಿಜಕ್ಕೂ ಕಷ್ಟ.

ಅವ್ವನಿಗೆ ಫೋನ್ ಮಾಡಿದೆ. ಗುರುವಾರ ನಾವು ನಿಪ್ಪಾಣಿ ಮೇಲೆ ಹೋಗುತ್ತೇವೆ, ಅವಳು ಅಲ್ಲಿಗೆ ಬಂದು ನಮ್ಮ ಗಾಡಿ ಹತ್ತುತ್ತಾಳೆ. ಅವಳು ಇದುವರೆಗೆ ಸಮುದ್ರ ನೋಡಿಲ್ಲ. ಗೋಮುಖದ ಸುದ್ದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟ ಸಣ್ಣದೈತೇನ?" ಅಂದಳು. ಆಮೇಲೆ ಅವಳ ಚಿಂತೆ ಶುರುವಾಯಿತು.

"ಸಮುದ್ರದಾಗ ದಂಡಿ ಎಲ್ಲೈತಂತ ನಿನಗ ಹೆಂಗ ಗೊತ್ತಾಕ್ಕೈತಿ?"

"ನಡುನಡುವ ನೋಡ್ಕೋತ ಬರ್ತೀನವ್ವಾ. ನೀ ಆ ಕೆಂಪು ಇಳಕಲ್ ಸೀರಿ ಉಟ್ಕೊಂಡು ನಿಂದ್ರು."

"ಅದು ಅಟ್ಟದ ಮ್ಯಾಲಿನ ಟ್ರಂಕಿನಾಗೈತಿ" ಅಂದಳು. "ಈಗ ತಗಸ್ತೀನಿ."