ಕೊನೇ ಲಾಂಚು

ಶರಾವತಿಯ ಲಿಂಗನಮಕ್ಕಿ ಹಿನ್ನೀರಿನಾಚೆಯ ತುಮರಿ ಕಡೆಯವರಿಗೆ ಕೊನೇ ಲಾಂಚು ಅಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಸಾಗರ ಪೇಟೆಯಲ್ಲಿ ಎಂಥ ಕೆಲಸವೇ ಇರಲಿ, ಹೊತ್ತು ಇಳಿಯತೊಡಗಿದರೆ ಕಾಲು ತಾನಾಗಿ ಲಾಂಚು ಹೊರಡುವ ಹೊಳೆಬಾಗಿಲಿನ ಬಸ್ಸಿನ ಕಡೆ ತಿರುಗುತ್ತಿತ್ತು. ಲಾಂಚು ತಪ್ಪಿತೋ, ಕಣ್ಣೆದುರಿಗೇ ಕಾಣುವ ದಡ ಮುಟ್ಟಲು ಕಾರ್ಗಲ್, ಕೋಗಾರು ಅಂತ ಸುತ್ತಬೇಕಿತ್ತು. ಇಲ್ಲವೇ ಪರಿಚಯದವರ ಜಗಲಿಯೇ ಗತಿ. ಅಂಥ ಹಿನ್ನೀರಿನ ದಂಡೆಯಲ್ಲಿ ಬೆಳೆದ ನಾನು 2018ರ ಸೆಪ್ಟೆಂಬರ್ ಕೊನೆಯಲ್ಲಿ ಆಸ್ಟ್ರಿಯಾಕ್ಕೆ ಹೋಗಿ, ಡ್ಯಾನ್ಯೂಬ್ ನದಿಯ ಕೊನೇ ದೋಣಿ ತಪ್ಪಿಸಿಕೊಂಡೆ. ನಮ್ಮ ಮನೆಯಲ್ಲಿ ಈ ಕತೆ ಇನ್ನೂ ಹಳತಾಗಿಲ್ಲ.

ಜರ್ಮನಿಯ ಪಾಸೌ ಊರಿನಿಂದ ವಿಯೆನ್ನಾವರೆಗೆ ನದಿಯುದ್ದಕ್ಕೂ ಸೈಕಲ್ ದಾರಿಯಿದೆ, ಸುಮಾರು 320 ಕಿ.ಮೀ. ಫ್ರಾನ್ಸಿನ ಅಟ್ಲಾಂಟಿಕ್ ಕರಾವಳಿಯಿಂದ ರೊಮೇನಿಯಾದ ಕಪ್ಪು ಸಮುದ್ರದವರೆಗೆ ಹೋಗುವ ‘ಯೂರೋವೆಲೊ 6’ ಮಾರ್ಗದ ಒಂದು ತುಂಡು ಅದು. ಹೊಳೆ ಹರಿಯುವ ದಿಕ್ಕಿಗೇ ಹೋಗುವುದರಿಂದ ಏರು ಇಲ್ಲವೆನ್ನುವಷ್ಟು ಕಮ್ಮಿ, ಗಾಳಿಯೂ ಹೆಚ್ಚಾಗಿ ಪಶ್ಚಿಮದಿಂದ ಬೆನ್ನಿಗೇ ಬೀಸುತ್ತದೆ. ಹೊಸಬರಿಗೆ ಇದಕ್ಕಿಂತ ಸುಲಭದ್ದು ಸಿಗಲಿಕ್ಕಿಲ್ಲ ಎಂದು ಭಾವನನ್ನು ಒಪ್ಪಿಸಿದೆ. ಭಾವನಿಗೆ ಆಗ ಐವತ್ತಾರು. ಕೊನೇ ಸಲ ಸೈಕಲ್ ತುಳಿದದ್ದು ಕಾಲೇಜಿನಲ್ಲಿ, ಅದೂ ಟೈರಿಗೆ ಡೈನಮೋ ಒತ್ತಿದರೆ ಗೊರಗೊರ ಅನ್ನುತ್ತಿದ್ದ ಅಟ್ಲಾಸ್ ಗಾಡಿ.

ಮೂರು ತಿಂಗಳು ಬೆಂಗಳೂರಿನ ಮನೆಯಲ್ಲಿ ಕೂತು ರೂಟು ಬರೆದೆ. ನಕ್ಷೆಯ ಮೇಲೆ ಗೆರೆ ಎಳೆಯುವುದು ಬಲು ಸುಖದ ಕೆಲಸ. ಅಲ್ಲಿ ಮಳೆ ಇಲ್ಲ, ಮಂಡಿ ನೋವಿಲ್ಲ, ಎರಡು ಚುಕ್ಕಿ ಒತ್ತಿದರೆ ಆ್ಯಪ್ ತಾನೇ ದಾರಿ ಜೋಡಿಸಿ ಇಷ್ಟು ಕಿ.ಮೀ., ಇಷ್ಟು ಗಂಟೆ ಎಂದು ಹೇಳಿಬಿಡುತ್ತದೆ. ಷೆಂಗೆನ್ ವೀಸಾಕ್ಕೆ ಯಾವ ರಾತ್ರಿ ಎಲ್ಲಿ ಎಂದು ತೋರಿಸಬೇಕಿದ್ದರಿಂದ ರೂಮುಗಳನ್ನೂ ಮೊದಲೇ ಕಾಯ್ದಿರಿಸಿದೆ. ಮೊದಲ ರಾತ್ರಿ ಶ್ಲೋಗನ್‌ನಲ್ಲಿ. ಅಲ್ಲಿ ಕರಿಗಲ್ಲಿನ ಗುಡ್ಡಕ್ಕೆ ಸಿಕ್ಕಿದ ಡ್ಯಾನ್ಯೂಬ್ ಪೂರ್ತಿ ಮಗುಚಿಕೊಂಡು, ಬಂದ ದಿಕ್ಕಿಗೇ ಒಮ್ಮೆ ಮುಖ ತಿರುಗಿಸುತ್ತದೆ.

ದಾರಿ ಎರಡೂ ದಡದಲ್ಲಿದೆ. ರೂಮು ದಕ್ಷಿಣದ ದಡದಲ್ಲಿತ್ತು. ನಾನು ಆರಿಸಿದ್ದು ಉತ್ತರದ ದಡ. ಯಾಕೆಂದರೆ ಯೋಖನ್‌ಸ್ಟೈನ್ ಎಂಬಲ್ಲಿ 1950ರ ದಶಕದಲ್ಲಿ ಜರ್ಮನಿ-ಆಸ್ಟ್ರಿಯಾ ಸೇರಿ ಕಟ್ಟಿದ ವಿದ್ಯುದಾಗಾರವಿದೆ. ಲಿಂಗನಮಕ್ಕಿ ಕಡೆಯವನಿಗೆ ಅಣೆಕಟ್ಟು ಕಂಡರೆ ಬಿಟ್ಟು ಹೋಗಲಾಗುವುದಿಲ್ಲ, ಅದೊಂದು ಚಟ. ಸಂಜೆ ‘ಔ’ ಎಂಬ ಪುಟ್ಟ ಜಾಗದಿಂದ ಹೊಳೆ ದಾಟಿದರೆ ಎದುರಿಗೇ ಶ್ಲೋಗನ್. ನಕ್ಷೆಯಲ್ಲಿ ನೀರಿನ ಮೇಲೆ ಚುಕ್ಕಿಗೆರೆ. ದೋಣಿ ಇದೆಯಲ್ಲ, ಸಾಕು ಎಂದುಕೊಂಡೆ. ಆ್ಯಪ್‌ಗೆ ದೋಣಿಯೂ ಒಂದು ರಸ್ತೆಯೇ. ರಸ್ತೆಗೆ ಬಾಗಿಲು ಹಾಕುವ ಹೊತ್ತು ಇರುತ್ತದೆಂದು ಅದಕ್ಕೆ ಗೊತ್ತಾಗುವುದಿಲ್ಲ. ವೇಳೆಯನ್ನು ನಾನೂ ಹುಡುಕಿದ್ದೆ, ಡೈರಿಯಲ್ಲಿ ಬರೆದೂ ಕೊಂಡಿದ್ದೆ. ಬರೆದುಕೊಂಡದ್ದು ಬೇಸಿಗೆಯ ವೇಳಾಪಟ್ಟಿ.

ಆ ದಿನ ತಡವಾಗಲು ಕಾರಣ ಒಂದೆರಡಲ್ಲ. ಪಾಸೌನಲ್ಲಿ ಇಲ್ಜ್, ಇನ್ನ್, ಡ್ಯಾನ್ಯೂಬ್ ಮೂರೂ ಸೇರುತ್ತವೆ. ಕಪ್ಪು ನೀರು, ಹಾಲು ಬೆರೆಸಿದಂಥ ಹಸಿರು ನೀರು, ನಡುವೆ ಇನ್ನೊಂದು ಬಣ್ಣ; ಕೂಡಿದ ಮೇಲೂ ಸ್ವಲ್ಪ ದೂರ ಬೇರೆಬೇರೆಯಾಗಿಯೇ ಹರಿಯುತ್ತವೆ. ಅಲ್ಲಿನ ಹಳೇ ಪುರಭವನದ ಗೋಡೆಯ ಮೇಲೆ ನೆರೆಯ ಗುರುತುಗಳಿವೆ. 1501ರದ್ದು ಎಲ್ಲಕ್ಕಿಂತ ಮೇಲೆ, ಅದರ ಹತ್ತಿರಕ್ಕೇ 2013ರದ್ದು. ಆ ಜೂನ್‌ನಲ್ಲಿ ನೀರು 12.89 ಮೀಟರ್ ಏರಿತ್ತು. ಅದನ್ನೇ ನೋಡುತ್ತ ನಿಂತೆ. ಆಮೇಲೆ ಭಾವ ಹನ್ನೆರಡು ಗಂಟೆಗೆ ಚರ್ಚಿನಲ್ಲಿ ಆರ್ಗನ್ ಕೇಳಿಯೇ ಹೋಗೋಣ ಎಂದರು. ಹದಿನೇಳು ಸಾವಿರ ಚಿಲ್ಲರೆ ಕೊಳವೆಗಳ ವಾದ್ಯವಂತೆ, ಬಿಡುವುದು ಹೇಗೆ? ಕೂತ ಬೆಂಚು ನಡುಗುತ್ತಿತ್ತು.

ಹೊರಟದ್ದು ಒಂದು ಗಂಟೆಗೆ. ಬಾಡಿಗೆ ಸೈಕಲ್ಲಿನ ಹಿಂದಿನ ಬ್ರೇಕು ಪೆಡಲಿನಲ್ಲಿತ್ತು, ಹಿಂದಕ್ಕೆ ತುಳಿದರೆ ಗಾಡಿ ನಿಲ್ಲುತ್ತದೆ. ನಮ್ಮ ಕಡೆ ಇಳಿಜಾರಿನಲ್ಲಿ ಹಿಂದಕ್ಕೆ ಪೆಡಲ್ ತಿರುಗಿಸಿ ಟಿಕಿಟಿಕಿ ಸದ್ದು ಕೇಳುವುದು ಒಂದು ಖುಷಿ. ಭಾವ ಅದನ್ನೇ ಮಾಡಿದರು. ಹುಲ್ಲಿನ ಮೇಲೆ ಬಿದ್ದದ್ದರಿಂದ ಮೊಣಕೈ ಮಾತ್ರ ತರಚಿತು. ಆಮೇಲೆ ಇಡೀ ಮಧ್ಯಾಹ್ನ ಅವರು ಹಸು ನಡೆಯುವ ವೇಗದಲ್ಲಿ ಬಂದರು.

ದಂಡೆಯುದ್ದಕ್ಕೂ ಕಿಲೋಮೀಟರ್ ಫಲಕಗಳು ಸಿಗುತ್ತವೆ. ಡ್ಯಾನ್ಯೂಬಿನ ಲೆಕ್ಕ ಮೂಲದಿಂದಲ್ಲ, ಸಮುದ್ರ ಸೇರುವ ಕಡೆಯಿಂದ. ಹಾಗಾಗಿ ಮುಂದೆ ಹೋದಷ್ಟೂ ಸಂಖ್ಯೆ ಇಳಿಯುತ್ತದೆ. 2,200ರ ಆಸುಪಾಸಿನಲ್ಲಿ ಯೋಖನ್‌ಸ್ಟೈನ್ ನೋಡಿ, ಫೋಟೊ ತೆಗೆದು, ಬ್ರೆಡ್ಡಿಗೆ ಮನೆಯಿಂದ ತಂದ ಚಟ್ನಿಪುಡಿ ಹಚ್ಚಿ ತಿಂದೆವು. ಅಲ್ಲಿ ಮತ್ತೊಂದು ಮುಕ್ಕಾಲು ಗಂಟೆ.

ಔ ತಲುಪಿದಾಗ ಬಿಸಿಲು ಗುಡ್ಡದ ನೆತ್ತಿಗೆ ಹೋಗಿತ್ತು. ದಡದಲ್ಲಿ ಇಳಿಜಾರು, ವೇಳೆಯ ಫಲಕ, ಕೆಳಗೆ ನೀರು. ದೋಣಿ ಎದುರಿನ ದಡದಲ್ಲಿ ಕಟ್ಟಿಕೊಂಡು ನಿಂತಿತ್ತು. ಅದರ ಮೇಲ್ಗಡೆಯೇ ನಾವು ರೂಮು ಹಿಡಿದ ಊರಿನ ದೀಪಗಳು. ಆ ಕಡೆ ಯಾರೋ ಕುರ್ಚಿ ಎತ್ತಿಡುವ ಸದ್ದು ಕೂಡ ಕೇಳಿಸುತ್ತಿತ್ತು. ನಾನು ಫಲಕ ಓದಿದೆ, ಡೈರಿ ತೆಗೆದೆ, ಮತ್ತೆ ಫಲಕ ಓದಿದೆ.

“ಎಂಥಾತು?” ಎಂದರು ಭಾವ.

“ಲಾಂಚು ಹೋತು ಭಾವ.”

ಅವರು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಒಂದು ನಿಮಿಷ ನೀರನ್ನೇ ನೋಡಿ, ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. “ಏಳು ಸಾವಿರ ಕಿಲೋಮೀಟರ್ ವಿಮಾನದಲ್ಲಿ ಬಂದು ಹೊಳೆಬಾಗಿಲಲ್ಲೇ ನಿಂತಂಗೆ ಆತಲ್ಲ ಮಾರಾಯ!”

ಮುಂದಕ್ಕೆ ದಾರಿಯಿಲ್ಲ. ಆ ದಡದಲ್ಲಿ ಕಾಡಿನ ಗುಡ್ಡ ನೇರ ನೀರಿಗೇ ಇಳಿದಿದೆ. ಅಲ್ಲಿಂದ ಮುಂದಿನ ತುಂಡನ್ನೂ ದೋಣಿಯಲ್ಲೇ ದಾಟಬೇಕು. ಹಿತ್ತಲಿನಲ್ಲಿ ಸೇಬು ಆರಿಸುತ್ತಿದ್ದ ಅಜ್ಜ ನಮ್ಮನ್ನು ನೋಡಿ, ಇಂಗ್ಲಿಷ್ ಗೊಡವೆಗೇ ಹೋಗದೆ ಬಂದ ದಿಕ್ಕಿಗೆ ಕೈ ತೋರಿಸಿ “ನೀಡರ್‌ರನ್ನಾ, ಬ್ರುಕೆ” ಎಂದ. ಬ್ರುಕೆ ಅಂದರೆ ಸೇತುವೆ. ಹೊರಡುವಾಗ ಇಬ್ಬರಿಗೂ ಎರಡೆರಡು ಸೇಬು ಕೊಟ್ಟ. ಸಾಗರದ ಕಡೆಯಾಗಿದ್ದರೆ ಕೂರಿಸಿ ಕಷಾಯ ಕೊಡುತ್ತಿದ್ದರೇನೋ, ಆದರೆ ಆ ಹೊತ್ತಿಗೆ ಸೇಬೂ ಕಷಾಯದಷ್ಟೇ ಹಿತವಾಗಿತ್ತು.

ಹಿಂದಕ್ಕೆ ಹೋಗಿ, ಸೇತುವೆ ದಾಟಿ, ಆಚೆ ದಡದಲ್ಲಿ ಅಷ್ಟೇ ದೂರ ಮತ್ತೆ ಮುಂದಕ್ಕೆ. ಹದಿನೈದು ಕಿ.ಮೀ. ಆಸುಪಾಸು. ಅರ್ಧ ದಾರಿಗೆ ಕತ್ತಲಾಯಿತು. ಚಕ್ರದ ಗುಂಭದೊಳಗೇ ಡೈನಮೋ ಇದ್ದ ಗಾಡಿಗಳು, ಗೊರಗೊರ ಸದ್ದಿಲ್ಲ, ಬೆಳಕು ಮಾತ್ರ ಚೆನ್ನಾಗಿತ್ತು. ದಕ್ಷಿಣದ ದಡದಲ್ಲಿ ಸಪಾಟು ದಾರಿ. ಮೊದಲೇ ಈ ದಡ ಹಿಡಿದಿದ್ದರೆ ದೋಣಿಯ ಹಂಗೇ ಇರಲಿಲ್ಲ ಎಂಬುದನ್ನು ನಾನು ಭಾವನಿಗೆ ಹೇಳಲಿಲ್ಲ. ಅವರಿಗೆ ಗೊತ್ತಾಗಿತ್ತು, ಅವರೂ ಹೇಳಲಿಲ್ಲ.

ರೂಮಿನಿಂದ ಮಾರನೇ ಬೆಳಿಗ್ಗೆ ನೋಡಿದರೆ ಹೊಳೆ ಕದಲದೆ ಮಲಗಿತ್ತು. ಗುಡ್ಡ ತಲೆಕೆಳಗಾಗಿ ನೀರಿನಲ್ಲಿ ಕಾಣುತ್ತಿತ್ತು. ನಮ್ಮ ಕಳಸವಳ್ಳಿ ದಡದಲ್ಲಿ ಬೆಳಗಿನ ಮೊದಲ ಲಾಂಚಿಗೆ ಮುಂಚೆ ಹೀಗೇ ಇರುತ್ತಿತ್ತು. ಇಷ್ಟು ದೊಡ್ಡ ನದಿ ಇಷ್ಟು ಸುಮ್ಮನೆ ಯಾಕಿದೆ ಎಂಬ ಪ್ರಶ್ನೆ ಮಾತ್ರ ಆಗ ಹೊಳೆಯಲಿಲ್ಲ. ಉತ್ತರ ಸಿಕ್ಕಿದ್ದು ಆಶಾಖ್‌ನಲ್ಲಿ, ಹೊಟ್ಟೆ ಹಸಿದ ಹೊತ್ತಿಗೆ. ಅಲ್ಲಿ ನದಿಗೆ ಅಡ್ಡಲಾಗಿ ಇನ್ನೊಂದು ವಿದ್ಯುದಾಗಾರ. ಅದು ನೀರನ್ನು ಹದಿನೈದು ಮೀಟರಿನಷ್ಟು ಎತ್ತಿ ಹಿಡಿದಿದೆ. ಹಿಂದಿನ ಸಂಜೆ ನಾವು ದಾಟಲಾಗದೆ ನಿಂತದ್ದು ಅದರ ಹಿನ್ನೀರಿನೆದುರು. ಕಟ್ಟಿ ಮುಗಿಸಿದ ವರ್ಷ 1964. ಲಿಂಗನಮಕ್ಕಿಯದ್ದೂ ಅದೇ.

ಅಪ್ಪನಿಗೆ ಫೋನು ಹಚ್ಚಿದೆ. ಲಾಂಚು ತಪ್ಪಿದ ಸುದ್ದಿ ಭಾವನಿಂದ ರಾತ್ರಿಯೇ ತಲುಪಿತ್ತು, ಅದನ್ನು ಇನ್ನೊಮ್ಮೆ ಕೇಳಿ ನಕ್ಕರು. ನಾನು ಅಣೆಕಟ್ಟಿನ ವಿಷಯ ಹೇಳಿದೆ, ವರ್ಷ ಹೇಳಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಅಜ್ಜನ ಮನೆ, ಗದ್ದೆ ನೀರಿಗೆ ಹೋದಾಗ ಅಪ್ಪನಿಗೆ ಹತ್ತು ವರ್ಷ.

“ಅಲ್ಲಿ ಮುಳುಗ್ದೋರಿಗೆ ಹಕ್ಕುಪತ್ರ ಸಿಕ್ತಂತಾ?” ಎಂದರು.